ಪೆಟ್ರೋಲ್ ದೋಷ ಅಂದುಕೊಂಡದ್ದು ಸ್ವಿಚ್ಚಿನ ದೋಷ: 1957ರ ಮಾರಿಸ್ ಮೈನರ್ ಕಾರಿನ ಒಂದು ಪ್ರಕರಣ

ಕಾರು 1957ರ ಮಾರಿಸ್ ಮೈನರ್ 1000. 948 ಸಿಸಿ ಎಂಜಿನ್, 12 ವೋಲ್ಟ್ ಬ್ಯಾಟರಿ, ಅದನ್ನು ಚಾರ್ಜ್ ಮಾಡಲು ಡೈನಮೊ. ಇದರಲ್ಲಿ ಕೀ ಇಗ್ನಿಷನ್ನಿಗೆ ಮಾತ್ರ. ಸ್ಟಾರ್ಟ್ ಮಾಡಲು ಡ್ಯಾಶ್‌ಬೋರ್ಡಿನ ಗುಬುಟನ್ನು ಎಳೆಯಬೇಕು. ಮೊದಲು ಕೊಡಗಿನ ಕಾಫಿ ತೋಟವೊಂದರಲ್ಲಿ ಓಡಾಡಿಕೊಂಡಿದ್ದ ಗಾಡಿ ಇದು. ಈಗ ಮೈಸೂರಿನ ಸರಸ್ವತಿಪುರಂನಲ್ಲಿ, ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿದೆ.

ತೊಂದರೆ ಹೀಗಿತ್ತು. ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಅರ್ಧ ಗಂಟೆ ಓಡಿದ ಮೇಲೆ, ಅದರಲ್ಲೂ ಚಾಮುಂಡಿ ಬೆಟ್ಟ ಹತ್ತುವಾಗ, ಎಂಜಿನ್ ಮುಕ್ಕರಿಸಿ ನಿಂತುಬಿಡುತ್ತದೆ. ಗುಬುಟು ಎಳೆದರೆ ಸ್ಟಾರ್ಟರ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬ್ಯಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ.

ಇಷ್ಟು ಹೇಳಿದರೆ ನಮ್ಮ ಕಡೆಯ ಯಾವ ಮೆಕ್ಯಾನಿಕ್ ಆದರೂ ಒಂದೇ ಉತ್ತರ ಕೊಡುತ್ತಾರೆ: ವೇಪರ್ ಲಾಕ್. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತದೆ, ಪಂಪಿಗೆ ಎಳೆಯಲು ಆಗುವುದಿಲ್ಲ. ಹಳೇ ಗಾಡಿಗಳಲ್ಲಿ ಇದು ನಿಜಕ್ಕೂ ಆಗುವ ತೊಂದರೆ. ಅದಕ್ಕೆ ಒದ್ದೆ ಬಟ್ಟೆ ಹಾಕುವುದೂ ನಿಜವಾದ ಮದ್ದೇ. ಹಾಗಾಗಿ ಒಂದು ವರ್ಕ್‌ಶಾಪಿನಲ್ಲಿ ಪೆಟ್ರೋಲ್ ಪೈಪಿಗೆ ಬಿಸಿ ತಡೆಯುವ ಪಟ್ಟಿ ಸುತ್ತಿದ್ದರು. ಇನ್ನೊಂದರಲ್ಲಿ ಪಂಪಿನ ಪಾಯಿಂಟ್ ಬದಲಿಸಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದರು. ಆಮೇಲೆ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್ ಹೊಸದಾಯಿತು, ಕಂಡೆನ್ಸರ್ ಹೊಸದಾಯಿತು. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ.

ಮೇಷ್ಟ್ರು ಗಾಡಿ ತೋರಿಸುವಾಗ ಸುಮ್ನೆ ಮಾತಿಗೆ ಹೇಳಿದ ಒಂದು ವಿಷಯವೇ ಇಡೀ ಪ್ರಕರಣದ ಬೀಗದ ಕೈ ಎಂದು ನನಗೆ ಅನ್ನಿಸಿತು. "ನೋಡಪ್ಪಾ, ನಿಲ್ಲೋದಕ್ಕೆ ಸ್ವಲ್ಪ ಮುಂಚೆ ವೈಪರ್ ಕೂಡ ಸುಸ್ತಾಗುತ್ತೆ. ಟ್ರಾಫಿಕೇಟರ್ ಕೈ ಅರ್ಧಕ್ಕೇ ನಿಂತುಬಿಡುತ್ತೆ" ಎಂದರು. ಆ ಕಾಲದ ಮೈನರ್‌ನಲ್ಲಿ ಇಂಡಿಕೇಟರ್ ದೀಪ ಇರಲಿಲ್ಲ. ಬಾಗಿಲ ಹಿಂದಿನ ಕಂಬದಿಂದ ಒಂದು ಪುಟ್ಟ ಕೈ ಹೊರಗೆ ಚಾಚಿ ತಿರುವು ತೋರಿಸುತ್ತಿತ್ತು. ಅದನ್ನು ಎತ್ತುವುದು ವಿದ್ಯುತ್ತು. ಪೆಟ್ರೋಲಿಗೂ ಆ ಕೈಗೂ ಏನು ಸಂಬಂಧ? ಏನೂ ಇಲ್ಲ. ಆದರೆ ವೈಪರ್, ಟ್ರಾಫಿಕೇಟರ್, ಕಾಯಿಲ್, ಪೆಟ್ರೋಲ್ ಪಂಪ್ ಈ ನಾಲ್ಕಕ್ಕೂ ಕರೆಂಟು ಬರುವುದು ಒಂದೇ ಜಾಗದಿಂದ. ಅದು ಇಗ್ನಿಷನ್ ಸ್ವಿಚ್, ಅಂದರೆ ಕೀ ಹಾಕಿ ತಿರುಗಿಸುವ ಸ್ವಿಚ್.

ಕರೆಂಟು ನಡೆಯುವ ದಾರಿ

ರಿಪೇರಿಗೆ ಕೈ ಹಾಕುವ ಮೊದಲು ಈ ದಾರಿ ಮನಸ್ಸಿನಲ್ಲಿ ಕೂರಬೇಕು. ಬ್ರಿಟನ್ನಿನ ಲೂಕಾಸ್ ಕಂಪನಿಯ ಪದ್ಧತಿಯ ವೈರಿಂಗ್‌ನಲ್ಲಿ ಬಣ್ಣಗಳಿಗೆ ಅರ್ಥವಿದೆ, ಆ ಬಣ್ಣ ಕಲಿತರೆ ಅರ್ಧ ಕೆಲಸ ಮುಗಿದಂತೆ. ಕಂದು ವೈರು ಅಂದರೆ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲದ್ದು, ಕೀ ಆಫ್ ಇದ್ದರೂ ಜೀವ ಇರುವುದು. ಬಿಳಿ ಅಂದರೆ ಕೀ ಹಾಕಿದ ಮೇಲೆ ಬರುವುದು, ಇದಕ್ಕೂ ಫ್ಯೂಸ್ ಇಲ್ಲ. ಹಸಿರು ಅಂದರೆ ಬಿಳಿಯೇ ಫ್ಯೂಸ್ ದಾಟಿ ಬಂದದ್ದು. ನೇರಳೆ ಅಂದರೆ ಕಂದು ಫ್ಯೂಸ್ ದಾಟಿ ಬಂದದ್ದು, ಹಾರ್ನ್ ಅದರಲ್ಲಿ. ಕಪ್ಪು ಅಂದರೆ ಅರ್ತಿಂಗ್, ಗಾಡಿಯ ಬಾಡಿಗೆ ಸೇರುವುದು.

ಮೈನರ್‌ನಲ್ಲಿ ಬ್ಯಾಟರಿಯ ದಪ್ಪ ಕೇಬಲ್ ಮೊದಲು ಸ್ಟಾರ್ಟರ್ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಕಂದು ವೈರು ಡೈನಮೊದ ಚಾರ್ಜಿಂಗನ್ನು ಹದದಲ್ಲಿಡುವ ರೆಗ್ಯುಲೇಟರ್, ಅಂದರೆ ಕಂಟ್ರೋಲ್ ಬಾಕ್ಸಿನ ಎ ಟರ್ಮಿನಲ್‌ಗೆ. ಬಾಕ್ಸಿನೊಳಗೆ ದಾಟಿ ಎ1 ಟರ್ಮಿನಲ್‌ನಿಂದ ಕಂದು-ನೀಲಿ ವೈರಾಗಿ ಡ್ಯಾಶ್‌ಬೋರ್ಡಿಗೆ. ಇಗ್ನಿಷನ್ ಸ್ವಿಚ್ ದಾಟಿದರೆ ಬಿಳಿ. ಬಿಳಿ ಫ್ಯೂಸ್ ಬಾಕ್ಸಿನ ಎ3ಗೆ ಬಂದು, ಅಲ್ಲಿಂದ ಒಂದು ಕವಲು ಕಾಯಿಲ್‌ಗೆ, ಒಂದು ಪಂಪಿಗೆ. ಫ್ಯೂಸ್ ದಾಟಿ ಎ4ರಿಂದ ಹಸಿರಾಗಿ ವೈಪರ್, ಬ್ರೇಕ್ ದೀಪ, ಟ್ರಾಫಿಕೇಟರ್‌ಗೆ. ಕಂಟ್ರೋಲ್ ಬಾಕ್ಸಿನಲ್ಲಿ ಒಂದು ಎ1, ಫ್ಯೂಸ್ ಬಾಕ್ಸಿನಲ್ಲಿ ಇನ್ನೊಂದು ಎ1 ಇದೆ. ಇವೆರಡನ್ನು ಅದಲುಬದಲು ಮಾಡಿಕೊಂಡರೆ ದೊಡ್ಡ ಗೋಜಲಾಗುತ್ತದೆ.

ಮೈನರ್‌ನ ಪೆಟ್ರೋಲ್ ಪಂಪು ಎಸ್‌ಯು ಕಂಪನಿಯ ವಿದ್ಯುತ್ ಪಂಪು. ಕೀ ಹಾಕಿದ ಕೂಡಲೇ ಟಕ್ ಟಕ್ ಸದ್ದು ಮಾಡುತ್ತದೆ. ವೋಲ್ಟೇಜ್ ಕಡಿಮೆಯಾದರೆ ಸದ್ದೂ ನಿಧಾನ, ಪೆಟ್ರೋಲೂ ಕಡಿಮೆ. ಎಲ್ಲರೂ ಪೆಟ್ರೋಲಿನ ಹಿಂದೆ ಬಿದ್ದದ್ದು ಇದಕ್ಕೇ. ಪಂಪು ನಿಜವಾಗಿಯೂ ಸೋಲುತ್ತಿತ್ತು, ಆದರೆ ಸೋಲಿನ ಕಾರಣ ಪಂಪಿನಲ್ಲಿ ಇರಲಿಲ್ಲ. ಇನ್ನು ಒದ್ದೆ ಬಟ್ಟೆ? ಬಟ್ಟೆ ಹುಡುಕಿ, ನೀರು ತಂದು, ಹಾಕಿ, ಕಾಯುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಸ್ವಿಚ್ಚು ತಣ್ಣಗಾಗುತ್ತಿತ್ತು. ಬಟ್ಟೆ ಹಾಕದೆ ಅಷ್ಟೇ ಹೊತ್ತು ಕಾದಿದ್ದರೂ ಗಾಡಿ ಸ್ಟಾರ್ಟ್ ಆಗುತ್ತಿತ್ತು.

ಅಳತೆ

ಊಹೆ ಸಾಲದು, ಅಳೆದು ನೋಡಲೇಬೇಕು. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಹಳೇ ವೈರಿಂಗ್ ನೋಡುವಾಗ ಟೆಸ್ಟ್ ಲ್ಯಾಂಪ್ ಹತ್ತಿತು, ಕರೆಂಟ್ ಇದೆ ಎಂದು ಮುಂದೆ ಹೋಗಬೇಡಿ. ಸಣ್ಣ ಬಲ್ಬು ಎಳೆಯುವುದು ಕಾಲು ಆಂಪ್ ಇರಬಹುದು. ಅಷ್ಟು ಕರೆಂಟು ಕೊಳೆತ ಜಾಯಿಂಟಿನಲ್ಲೂ ಹಾಯಾಗಿ ನಡೆದುಬಿಡುತ್ತದೆ. ಲೋಡ್ (ಕರೆಂಟು ಎಳೆಯುವ ಸಾಮಾನು) ಇಲ್ಲದೆ ಮೀಟರ್ ಹಿಡಿದರೆ 12 ವೋಲ್ಟ್ ಪೂರ್ತಿ ತೋರಿಸುತ್ತದೆ. ಲೋಡ್ ಬಿದ್ದಾಗ, ಅದೂ ಬಿಸಿ ಇದ್ದಾಗ, ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ನೋಡಬೇಕು. ಮೀಟರಿನ ಒಂದು ಕಡ್ಡಿ ದಾರಿಯ ಆ ತುದಿಗೆ, ಇನ್ನೊಂದು ಈ ತುದಿಗೆ. ಮಧ್ಯೆ ತೋರುವ ಅಂಕಿಯೇ ನಷ್ಟ.

ಈ ಕಾರು ತನ್ನ ಕಾಲದ ಪದ್ಧತಿಯಂತೆ ಪ್ಲಸ್ ಅರ್ತಿಂಗ್. ಬ್ಯಾಟರಿಯ ಪ್ಲಸ್ ಬಾಡಿಗೆ, ಜೀವ ಇರುವ ಕಡೆ ಮೈನಸ್. ಡಿಜಿಟಲ್ ಮೀಟರ್ ಅಂಕಿಯ ಮುಂದೆ ಮೈನಸ್ ಗುರುತು ತೋರಿಸಿದರೆ ಗಾಬರಿ ಬೇಡ.

ಗಾಡಿಯನ್ನು ಬೆಟ್ಟದ ದಾರಿಯಲ್ಲಿ ನಿಲ್ಲುವವರೆಗೆ ಓಡಿಸಿದೆವು. ನಿಂತ ಕೂಡಲೇ, ಒದ್ದೆ ಬಟ್ಟೆ ಹಾಕದೆ, ಬ್ಯಾಟರಿಯ ಮೈನಸ್‌ನಿಂದ ಫ್ಯೂಸ್ ಬಾಕ್ಸಿನ ಎ3ಗೆ ನೇರ ಒಂದು ವೈರು ಕೊಟ್ಟೆ. ಮಧ್ಯದಲ್ಲಿ 15 ಆಂಪ್ ಫ್ಯೂಸ್ ಇತ್ತು. ಫ್ಯೂಸ್ ಇಲ್ಲದೆ ಈ ಪರೀಕ್ಷೆ ಮಾಡಲೇಬೇಡಿ. ಪಂಪು ಪಟಪಟ ಬಡಿಯಿತು. ಮೇಷ್ಟ್ರು ಗುಬುಟು ಎಳೆದರು, ಎಂಜಿನ್ ಹಿಡಿದುಕೊಂಡಿತು. ಪೆಟ್ರೋಲ್ ಕಡೆ ತಪ್ಪಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಹೀಗೆ ನೇರ ವೈರು ಕೊಟ್ಟಾಗ ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ, ವೈರನ್ನೇ ತೆಗೆಯಬೇಕು.

ಎಂಜಿನ್ ನಿಲ್ಲಿಸಿ, ಡಿಸ್ಟ್ರಿಬ್ಯೂಟರ್ ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಸೇರಿಸಿ ಕಡಿಯುವ ಸಂಪರ್ಕ) ಮುಚ್ಚಿರುವ ಹಾಗೆ ಎಂಜಿನ್ನನ್ನು ಕೈಯಿಂದ ತಿರುಗಿಸಿ, ಕೀ ಹಾಕಿ, ವೈಪರ್ ಮತ್ತು ಡ್ಯಾಶ್‌ಬೋರ್ಡಿನ ಫ್ಯಾನ್ ಆನ್ ಮಾಡಿ ಅಳೆದೆ. ಫ್ಯಾನ್ ಕಂಪನಿಯದ್ದಲ್ಲ, ಯಾರೋ ಸ್ವಿಚ್ಚಿನ ಬಿಳಿ ಟರ್ಮಿನಲ್‌ಗೆ ಸೇರಿಸಿದ್ದರು. ಎಲ್ಲಾ ಸೇರಿ ಸುಮಾರು 7 ಆಂಪ್. ಪಾಯಿಂಟ್ ಮುಚ್ಚಿದ್ದಾಗ ಕೀ ಹಾಕಿ ಜಾಸ್ತಿ ಹೊತ್ತು ಬಿಡಬಾರದು, ಕಾಯಿಲ್ ಕಾಯುತ್ತದೆ. ಹಾಗಾಗಿ ಬೇಗ ಬೇಗ ಅಳೆಯಬೇಕು.

ಬ್ಯಾಟರಿಯಿಂದ ಸ್ಟಾರ್ಟರ್ ಸ್ವಿಚ್ಚಿನವರೆಗೆ ನಷ್ಟ 0.05 ವೋಲ್ಟ್. ಅಲ್ಲಿಂದ ಕಂಟ್ರೋಲ್ ಬಾಕ್ಸಿಗೆ 0.15. ಬಾಕ್ಸಿನೊಳಗೆ 0.1. ಬಾಕ್ಸಿನಿಂದ ಇಗ್ನಿಷನ್ ಸ್ವಿಚ್ಚಿಗೆ 0.4. ಸ್ವಿಚ್ಚಿನೊಳಗೆ 2.0. ಸ್ವಿಚ್ಚಿನಿಂದ ಎ3ಗೆ 0.2. ಎ3ರಿಂದ ಕಾಯಿಲ್‌ಗೆ 0.5. ಒಟ್ಟು 3.4 ವೋಲ್ಟ್. ಬ್ಯಾಟರಿಯಲ್ಲಿ 12.4 ಇದ್ದಾಗ ಕಾಯಿಲ್‌ಗೆ ಮುಟ್ಟುತ್ತಿದ್ದದ್ದು ಬರೀ 9. ಅರ್ತಿಂಗ್ ಕಡೆಯೂ ಅಳೆದೆ, ಡಿಸ್ಟ್ರಿಬ್ಯೂಟರ್ ಬಾಡಿಯಿಂದ ಬ್ಯಾಟರಿ ಪ್ಲಸ್‌ಗೆ 0.1ಕ್ಕಿಂತ ಕಡಿಮೆ. ಅಲ್ಲಿ ತೊಂದರೆ ಇಲ್ಲ.

ಸ್ವಿಚ್ಚಿನ ಆ 2 ವೋಲ್ಟನ್ನು ಸ್ವಲ್ಪ ನಿಂತು ನೋಡೋಣ. 2 ವೋಲ್ಟ್, 7 ಆಂಪ್ ಅಂದರೆ 14 ವ್ಯಾಟ್ ಬಿಸಿ. ಪಾರ್ಕಿಂಗ್ ದೀಪದ ಮೂರು ಬಲ್ಬುಗಳನ್ನು ಆ ಪುಟ್ಟ ಡಬ್ಬಿಯೊಳಗೆ ಮುಚ್ಚಿಟ್ಟು ಉರಿಸಿದ ಹಾಗೆ. ಬಿಸಿಗೆ ಸ್ಪ್ರಿಂಗ್ ಸಡಿಲವಾಗುತ್ತದೆ, ಹಿತ್ತಾಳೆ ಕಪ್ಪಾಗುತ್ತದೆ, ಅದರಿಂದ ತಡೆ ಇನ್ನೂ ಹೆಚ್ಚಿ ಬಿಸಿಯೂ ಹೆಚ್ಚುತ್ತದೆ. ಮನೆಗೆ ತಂದು ತಣ್ಣಗಾದ ಮೇಲೆ ಅದೇ ಸ್ವಿಚ್ಚು ಅಳೆದರೆ ನಷ್ಟ 0.4 ಮಾತ್ರ. ಯಾವ ವರ್ಕ್‌ಶಾಪಿನಲ್ಲೂ ಇದು ಸಿಕ್ಕದೆ ಹೋದದ್ದಕ್ಕೆ ಆಶ್ಚರ್ಯವಿಲ್ಲ. ಅಲ್ಲಿಗೆ ಗಾಡಿ ಹೋಗುವುದು ತಣ್ಣಗಾದ ಮೇಲೆ ತಾನೇ?

ಬಿಚ್ಚಿದಾಗ ಕಂಡದ್ದು

ಮೊದಲು ಬ್ಯಾಟರಿಯ ಅರ್ತಿಂಗ್ ಕೇಬಲ್ ತೆಗೆದೆ. ಕಂದು ವೈರಿಗೆ ಫ್ಯೂಸ್ ಇಲ್ಲದ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಸ್ಪಾನರ್ ಜಾರಿದರೆ ಅಲ್ಲೇ ಬೆಂಕಿ. ಆಮೇಲೆ ಪ್ರತಿ ವೈರಿನ ಫೋಟೊ, ಪ್ರತಿ ವೈರಿಗೆ ಚೀಟಿ.

ಡ್ಯಾಶ್‌ಬೋರ್ಡಿನ ಹಿಂದಿನ ನೋಟ ನೋಡಿ ಮನಸ್ಸಿಗೆ ಕಷ್ಟವಾಯಿತು. ಯಾವ ಯಾವ ಕಾಲದಲ್ಲೋ ಸೇರಿಸಿದ ವೈರುಗಳು, ಎಲ್ಲವೂ ಕೆಂಪು. ಇನ್ಸುಲೇಷನ್ ಟೇಪು ನಮ್ಮ ಬಿಸಿಲಿಗೆ ಅಂಟಾಗಿ ಕರಗಿ ಇಳಿದಿತ್ತು, ಒಳಗೆ ಬರೀ ತಿರುಚಿದ ಜಾಯಿಂಟುಗಳು. ಸ್ವಿಚ್ಚಿನ ಬಿಳಿ ಟರ್ಮಿನಲ್‌ನಿಂದ ದಪ್ಪ ವೈರೊಂದು ಹೊರಟು ಬಂಪರಿನ ಕಡೆಗೆ ಹೋಗಿತ್ತು. ಅದು ತೋಟದ ಕಾಲದ ಫಾಗ್ ಲ್ಯಾಂಪಿನ ವೈರು. ದೀಪಗಳು ಈಗಿಲ್ಲ, ಬ್ರಾಕೆಟ್ ಮಾತ್ರ ಉಳಿದಿದೆ. ಕೊಡಗಿನ ಮಂಜಿಗೆ ಫಾಗ್ ಲ್ಯಾಂಪ್ ಬೇಕೇ ಬೇಕು, ಹಾಕಿಸಿದವರನ್ನು ತಪ್ಪು ಎನ್ನಲಾರೆ. ಆದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು) ಇಲ್ಲದೆ ಹಾಕಿದ್ದರು. 35 ವ್ಯಾಟಿನ ಎರಡು ದೀಪ ಅಂದರೆ ಹತ್ತಿರ ಹತ್ತಿರ 6 ಆಂಪ್. ವರ್ಷಾನುಗಟ್ಟಲೆ ಆ ಭಾರವನ್ನೂ ಈ ಸ್ವಿಚ್ಚೇ ಹೊತ್ತಿತ್ತು. ಅದು ಹಾಳಾಗಲು ಶುರುವಾದದ್ದು ಆಗಲೇ ಇರಬೇಕು.

ಸ್ವಿಚ್ಚಿನ ಹಿಂಬದಿಯ ಬೇಕಲೈಟ್ ತಟ್ಟೆಯನ್ನು ತಗಡಿನ ಸಣ್ಣ ಕಿವಿಗಳು ಮಡಚಿ ಹಿಡಿದಿರುತ್ತವೆ. ಇವನ್ನು ಒಂದು ಸಲ ಬಿಡಿಸಬಹುದು, ಮತ್ತೆ ಒಂದು ಸಲ ಮಡಚಬಹುದು. ಅದಕ್ಕಿಂತ ಹೆಚ್ಚಾದರೆ ಮುರಿಯುತ್ತವೆ. ಎಷ್ಟು ಬೇಕೋ ಅಷ್ಟೇ ಬಿಡಿಸಿದೆ. ಒಳಗೆ ತಿರುಗುವ ಹಿತ್ತಾಳೆ ತುಂಡು, ಅದರ ಕೆಳಗೆ ಸ್ಪ್ರಿಂಗ್, ತಟ್ಟೆಯಲ್ಲಿ ರಿವೆಟ್ ಮಾಡಿದ ಟರ್ಮಿನಲ್‌ಗಳು. ಹಿತ್ತಾಳೆಯ ಮೇಲೆ ಕಪ್ಪು ಗುಳಿಗಳು. ಅದಕ್ಕಿಂತ ಮುಖ್ಯವಾದದ್ದು ಬಿಳಿ ಟರ್ಮಿನಲ್‌ನ ರಿವೆಟ್. ಬೆರಳಿನಿಂದ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಬಿಸಿಗೆ ಬೇಕಲೈಟ್ ಸುತ್ತಲೂ ಸವೆದು ಹಿಡಿತ ತಪ್ಪಿತ್ತು. ಹೊರಗಿನಿಂದ ಕಾಂಟ್ಯಾಕ್ಟ್ ಸ್ಪ್ರೇ ಹೊಡೆದರೆ ಈ ರಿವೆಟ್ ಸರಿಹೋಗುವುದಿಲ್ಲ.

ಹೊಸ ಸ್ವಿಚ್ಚು ಹಾಕಬಹುದಿತ್ತು. ಮೇಷ್ಟ್ರಿಗೆ ಹಳೇ ಕೀ ಬೇಕಿತ್ತು, ನನಗೂ ಅದೇ ಸರಿ ಅನ್ನಿಸಿತು. ರಿವೆಟನ್ನು ಸಣ್ಣ ಪಂಚಿನಿಂದ ಮೆಲ್ಲಗೆ ಬಡಿದು ಬಿಗಿ ಮಾಡಿ, ತಲೆಯನ್ನು ಟರ್ಮಿನಲ್ ಪಟ್ಟಿಗೆ ಸೋಲ್ಡರ್ ಮಾಡಿದೆ. ಹಿತ್ತಾಳೆಯನ್ನು 1000 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿದೆ. ಒರಟು ಎಮೆರಿ ಹಾಕಿದರೆ ಗೀರು ಬಿದ್ದು ಮತ್ತೆ ಬೇಗ ಸುಡುತ್ತದೆ. ಸುಸ್ತಾಗಿದ್ದ ಸ್ಪ್ರಿಂಗನ್ನು ಬದಲಿಸಿದೆ. ಉಜ್ಜಿದ ಮುಖಗಳಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಕಿವಿಗಳನ್ನು ಮಡಚಿದೆ.

ಎಷ್ಟು ವೈರು ಬದಲಿಸಬೇಕು?

ಹಳೇ ಗಾಡಿ ಎಂದ ಕೂಡಲೇ ಇಡೀ ವೈರಿಂಗ್ ಕಿತ್ತು ಬಿಸಾಡಿ ಹೊಸದು ಹಾಕುವವರಿದ್ದಾರೆ. ನಾನು ಆ ಪಕ್ಷದವನಲ್ಲ. ಬಟ್ಟೆ ಸುತ್ತಿದ ಮೂಲ ಹಾರ್ನೆಸ್ (ವೈರುಗಳ ಕಟ್ಟು) ಒಮ್ಮೆ ಹೋದರೆ ಹೋಯಿತು, ಆಮೇಲೆ ಬಣ್ಣ ನೋಡಿ ಓದಲು ಆ ಗಾಡಿಯಲ್ಲಿ ಏನೂ ಉಳಿಯುವುದಿಲ್ಲ. ನನ್ನ ಪರೀಕ್ಷೆ ಸರಳ. ತುದಿಯಲ್ಲಿ ಸ್ವಲ್ಪ ಇನ್ಸುಲೇಷನ್ ಸುಲಿದು ತಾಮ್ರ ನೋಡುವುದು. ಹೊಳೆಯುತ್ತಿದ್ದರೆ, ವೈರು ಬಗ್ಗಿಸಿದಾಗ ಮೇಲಿನ ಪದರ ಬಿರುಕು ಬಿಡದಿದ್ದರೆ, ಲೋಡಿನಲ್ಲಿ ನಷ್ಟ ಕಡಿಮೆ ಇದ್ದರೆ ಇರಲಿ. ತಾಮ್ರ ಕಪ್ಪಾಗಿದ್ದರೆ ಇನ್ನಷ್ಟು ಹಿಂದೆ ಸುಲಿದು ನೋಡುವುದು. ಅಲ್ಲೂ ಕಪ್ಪೇ ಇದ್ದರೆ ಆ ವೈರು ಪೂರ್ತಿ ಬದಲು, ಏಕೆಂದರೆ ಕಪ್ಪಾದ ತಾಮ್ರ ಸೋಲ್ಡರ್ ಹಿಡಿಯುವುದಿಲ್ಲ.

ಈ ಲೆಕ್ಕದಲ್ಲಿ ಹಿಂದಿನ ದೀಪಗಳ ಹಾರ್ನೆಸ್ ಪೂರ್ತಿ ಉಳಿಯಿತು. ಕಂಟ್ರೋಲ್ ಬಾಕ್ಸಿನಿಂದ ಡ್ಯಾಶ್‌ಬೋರ್ಡಿನ ಕಂದು-ನೀಲಿ, ಸ್ವಿಚ್ಚಿನಿಂದ ಎ3, ಎ3ರಿಂದ ಕಾಯಿಲ್ ಮತ್ತು ಪಂಪಿನ ಬಿಳಿ ವೈರುಗಳು ಬದಲಾದವು. ಕಾಯಿಲ್ ದಾರಿಯ 0.5 ವೋಲ್ಟ್ ನಷ್ಟಕ್ಕೆ ಕಾರಣ ಒಂದು ಬುಲೆಟ್ ಕನೆಕ್ಟರ್ (ವೈರಿನ ತುದಿಯ ಗುಂಡು ತೋಳಿನೊಳಗೆ ಕೂರುವ ಜೋಡಣೆ), ಅದರ ತೋಳು ಒಳಗೆಲ್ಲಾ ತುಕ್ಕು. ಬುಲೆಟ್ ಕೊಳ್ಳುವಾಗ ಅಳತೆ ನೋಡಬೇಕು. ಲೂಕಾಸ್ ಬುಲೆಟ್ 4.7 ಮಿ.ಮೀ. ಬೈಕುಗಳಿಗೆ ಬರುವ ಜಪಾನ್ ಅಳತೆಯದು 3.9. ಸಣ್ಣದು ದೊಡ್ಡ ತೋಳಿನೊಳಗೆ ಕೂರುತ್ತದೆ, ಆದರೆ ಹಿಡಿಯುವುದಿಲ್ಲ.

ವೈರಿನ ಅಳತೆಯೂ ಅಷ್ಟೇ. ಹಳೇ ಪಟ್ಟಿಯಲ್ಲಿ 28/0.012 ಎಂದಿದ್ದರೆ ಇಂಚಿನ ಸಾವಿರದ 12 ಭಾಗ ದಪ್ಪದ 28 ಎಳೆ, ಈಗಿನ ಲೆಕ್ಕದಲ್ಲಿ 2 ಚದರ ಮಿ.ಮೀ. 44/0.012 ಅಂದರೆ ಸುಮಾರು 3 ಚದರ ಮಿ.ಮೀ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗಾಡಿ ವೈರು ಬಣ್ಣ ಬಣ್ಣದಲ್ಲಿ ಸಿಗುತ್ತದೆ, ರಿಲೇ ಫ್ಯೂಸುಗಳು ಅಲ್ಲೂ ಸಿಗುತ್ತವೆ, ಎಸ್.ಪಿ. ರಸ್ತೆಯಲ್ಲೂ ಸಿಗುತ್ತವೆ. ಮನೆ ವೈರಿಂಗಿನ ವೈರು ಗಾಡಿಗೆ ಬೇಡ. ಅದರ ಎಳೆಗಳು ದಪ್ಪ, ನಡುಗಿ ನಡುಗಿ ತುದಿಯಲ್ಲಿ ಮುರಿಯುತ್ತವೆ.

ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಇರಲಿಲ್ಲ. ಕಂದು-ನೀಲಿ ವೈರಿನ ಮೇಲಿನ ಬಟ್ಟೆ ಅಲ್ಲಿ ಹರಿದು, ತಗಡಿನ ಅಂಚು ಪದರವನ್ನು ಕೊರೆಯಲು ಶುರು ಮಾಡಿತ್ತು. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇದು. ಸ್ವಿಚ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಫ್ಯೂಸ್ ಇಲ್ಲದ ಈ ವೈರು ಬಾಡಿಗೆ ತಾಗಿದರೆ ಗಾಡಿಯೇ ಸುಟ್ಟುಹೋಗುತ್ತದೆ. ಹೊಸ ಗ್ರಾಮೆಟ್ ಹಾಕಿದೆ. ಸ್ಟಾರ್ಟರ್ ಸ್ವಿಚ್ಚಿನ ಹತ್ತಿರವೇ, ಕಂದು ವೈರು ಹೊರಡುವ ಜಾಗದಲ್ಲಿ, 30 ಆಂಪಿನ ಫ್ಯೂಸ್ ಕೂರಿಸಿದೆ. ಸ್ಟಾರ್ಟರಿನ ಕರೆಂಟು ಈ ದಾರಿಯಲ್ಲಿ ಬರುವುದಿಲ್ಲವಾದ್ದರಿಂದ ಅಷ್ಟು ಸಾಕು.

ಫ್ಯೂಸಿನ ಬಗ್ಗೆ ಇನ್ನೊಂದು ವಿಷಯ. ಹಳೇ ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಆಂಪ್ ಎಂದಿದ್ದರೆ, ಅದು ಕರಗುವ ಅಂಕಿ. ಸತತವಾಗಿ ಹೊರುವುದು ಅದರ ಅರ್ಧ, ಸುಮಾರು 17. ಈಗ ಅಂಗಡಿಯಲ್ಲಿ 35 ಆಂಪ್ ಫ್ಯೂಸ್ ಕೇಳಿದರೆ ಸತತವಾಗಿ 35 ಹೊರುವುದನ್ನು ಕೊಡುತ್ತಾರೆ. ಅದು ಕರಗುವ ಮೊದಲು ವೈರೇ ಕರಗುತ್ತದೆ. ಹಸಿರು ವೈರುಗಳ ಫ್ಯೂಸಿಗೆ ಈಗಿನ 15 ಆಂಪಿನದ್ದನ್ನು ಹಾಕಿದೆ.

ರಿಲೇ, ಮತ್ತು ಅದರ ಒಂದು ಬಲೆ

ರಿಪೇರಿಯಾದ ಸ್ವಿಚ್ಚಿನ ಮೇಲೆ ಮತ್ತೆ ಅಷ್ಟೇ ಭಾರ ಹಾಕಲು ಮನಸ್ಸಾಗಲಿಲ್ಲ. ಆಟೊ, ಲಾರಿಗಳಿಗೆಲ್ಲಾ ಹಾಕುವ ಮಾಮೂಲಿ 12 ವೋಲ್ಟ್ ರಿಲೇ ಒಂದನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಕಣ್ಣಿಗೆ ಬೀಳದ ಹಾಗೆ ಕೂರಿಸಿದೆ. ಈಗ ಸ್ವಿಚ್ಚು ಹೊರುವುದು ರಿಲೇಯ ಕಾಯಿಲ್ ಎಳೆಯುವ 0.15 ಆಂಪ್ ಮಾತ್ರ. ರಿಲೇಗೆ ಕರೆಂಟನ್ನು ಕಂಟ್ರೋಲ್ ಬಾಕ್ಸಿನ ಎ1ರಿಂದ, 20 ಆಂಪಿನ ಫ್ಯೂಸ್ ಮೂಲಕ ತೆಗೆದುಕೊಂಡೆ. ಎ ಟರ್ಮಿನಲ್ ಬ್ಯಾಟರಿಗೆ, ಎ1 ಲೋಡಿಗೆ ಎಂಬ ಲೆಕ್ಕದಲ್ಲೇ ಆ ರೆಗ್ಯುಲೇಟರನ್ನು ಮಾಡಿರುವುದು.

ಬಲೆ ಇರುವುದು ಚಾರ್ಜಿಂಗ್ ಎಚ್ಚರಿಕೆಯ ಕೆಂಪು ದೀಪದಲ್ಲಿ. ಈ ದೀಪದ ಒಂದು ತುದಿ ಬಿಳಿ ವೈರಿಗೆ, ಇನ್ನೊಂದು ಡೈನಮೊದ ಡಿ ಟರ್ಮಿನಲ್‌ಗೆ. ಸ್ವಿಚ್ಚಿಗೂ ರಿಲೇ ಕಾಯಿಲ್‌ಗೂ ನಡುವಿನ ವೈರಿನಲ್ಲೇ ದೀಪವನ್ನು ಬಿಟ್ಟರೆ, ಕೀ ತೆಗೆದಾಗ ಏನಾಗುತ್ತದೆ? ಎಂಜಿನ್ ಇನ್ನೂ ತಿರುಗುತ್ತಿರುತ್ತದೆ, ಡೈನಮೊ ಕರೆಂಟು ಕೊಡುತ್ತಿರುತ್ತದೆ. ಅದು ದೀಪದ ಮೂಲಕ ಹಿಂದಕ್ಕೆ ಬಂದು ರಿಲೇಯನ್ನು ಹಿಡಿದುಬಿಡಬಹುದು. ರಿಲೇ ಎಳೆದುಕೊಳ್ಳಲು ವೋಲ್ಟೇಜ್ ಜಾಸ್ತಿ ಬೇಕು, ಹಿಡಿದುಕೊಂಡೇ ಇರಲು ಅದರ ಸಣ್ಣ ಪಾಲು ಸಾಕು. ಕೀ ಕೈಯಲ್ಲಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ! ಅದಕ್ಕೆ ದೀಪದ ವೈರನ್ನು ರಿಲೇಯಿಂದ ಹೊರಬರುವ 87ನೇ ಟರ್ಮಿನಲ್ ಕಡೆಗೆ ಸರಿಸಬೇಕು. ಅಲ್ಲಿ ಇಗ್ನಿಷನ್ ಕಾಯಿಲ್ಲಿನ ಭಾರವಿದೆ, ದೀಪದಿಂದ ಬರುವ ಚೂರುಪಾರು ಕರೆಂಟನ್ನು ಅದೇ ನುಂಗುತ್ತದೆ, ರಿಲೇಗೆ ತಲುಪುವುದಿಲ್ಲ. ರಿಲೇ ಹಾಕುವ ಎಲೆಕ್ಟ್ರಿಷಿಯನ್ ಮುಂದೆ ಈ ಮಾತನ್ನು ತಪ್ಪದೆ ಎತ್ತಿ.

ಮೂಲ ಸ್ವರೂಪದ ಪ್ರಶ್ನೆಯನ್ನು ಮೇಷ್ಟ್ರೇ ಎತ್ತಿದರು. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ನಿಯಮದಲ್ಲಿ, 50 ವರ್ಷ ದಾಟಿದ ಗಾಡಿ ಮೂಲ ಸ್ವರೂಪದಲ್ಲೇ ಇರಬೇಕು ಎಂದಿದೆ. ಅವರಿಗೆ ಆ ನೋಂದಣಿ ಮಾಡಿಸುವ ಆಸೆ. ನನ್ನ ಅಭಿಪ್ರಾಯ ಸ್ಪಷ್ಟ. ರಿಲೇಗಾಗಿ ಮೂಲ ಹಾರ್ನೆಸ್ ಕತ್ತರಿಸಿಲ್ಲ, ಹೊಸ ತೂತು ಕೊರೆದಿಲ್ಲ, ರಿಲೇ ತೆಗೆದು ವೈರುಗಳನ್ನು ಮೊದಲಿನ ಜಾಗಕ್ಕೆ ಹಾಕಲು ಒಂದು ಸ್ಪಾನರ್ ಸಾಕು. ಫ್ಯಾನಿಗೂ ಸ್ವಿಚ್ಚಿಗೂ ಇದ್ದ ಸಂಬಂಧ ತಪ್ಪಿಸಿ, ಅದಕ್ಕೆ ಕಂಟ್ರೋಲ್ ಬಾಕ್ಸಿನ ಎ1ರಿಂದ ಬೇರೆ ಫ್ಯೂಸ್ ಕೊಟ್ಟೆ. ಮೊಬೈಲ್ ಚಾರ್ಜರ್ ಸಾಕೆಟ್ ಕೇಳಿದರು, ಅದನ್ನು ಮಾತ್ರ ಬೇಡ ಎಂದೆ. ಪ್ಲಸ್ ಅರ್ತಿಂಗ್ ಗಾಡಿಯ ಬಾಡಿಗೆ ಈಗಿನ ಸಾಕೆಟ್ ಕೂರಿಸಿದರೆ ಪ್ಲಸ್ ಮೈನಸ್ ಉಲ್ಟಾ ಆಗಿ ಚಾರ್ಜರ್ ಸುಡುತ್ತದೆ.

ಫಲಿತಾಂಶ

ಅದೇ ಬೆಟ್ಟದ ದಾರಿ, ಅದೇ ಬಿಸಿಲು, ವೈಪರ್ ಮತ್ತು ಫ್ಯಾನ್ ಎರಡೂ ಆನ್. ಮೇಲೆ ತಲುಪಿದ ಕೂಡಲೇ ಮೊದಲಿನ ಹಾಗೆಯೇ ಅಳೆದೆವು. ಬ್ಯಾಟರಿಯಿಂದ ಕಾಯಿಲ್‌ವರೆಗಿನ ಒಟ್ಟು ನಷ್ಟ 0.4 ವೋಲ್ಟ್. ಸ್ವಿಚ್ಚಿನ ಹಿಂಬದಿ ಮುಟ್ಟಿದರೆ ತಣ್ಣಗಿತ್ತು. ಟ್ರಾಫಿಕೇಟರ್ ಕೈ ಪೂರ್ತಿ ಎದ್ದು ನಿಂತಿತು. ಆಮೇಲೆ ನಂಜನಗೂಡಿನ ಕಡೆ ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿಬಂದರೂ ಗಾಡಿ ಎಲ್ಲೂ ನಿಲ್ಲಲಿಲ್ಲ. ಪೆಟ್ರೋಲ್ ಪೈಪಿಗೆ ಸುತ್ತಿದ್ದ ಪಟ್ಟಿಯನ್ನು ಮೇಷ್ಟ್ರು ತಾವೇ ಬಿಚ್ಚಿ ತೆಗೆದರು. ಅದು ಇಲ್ಲದೆಯೂ ಗಾಡಿ ಹಾಗೆಯೇ ಓಡುತ್ತಿದೆ.

ಹೆಡ್‌ಲೈಟಿನ ಕೆಲಸ ಬಾಕಿ ಇದೆ. ಕಾಲಿನ ಹತ್ತಿರದ ಡಿಪ್ಪರ್ ಸ್ವಿಚ್ಚಿನಲ್ಲಿ ಲೋಡ್ ಬಿದ್ದಾಗ 0.9 ವೋಲ್ಟ್ ಕಳೆಯುತ್ತಿದೆ. ನೆಲದಲ್ಲಿರುವುದರಿಂದ ಚಪ್ಪಲಿಯ ನೀರು, ಮಣ್ಣು ಎಲ್ಲಾ ಅದರ ಮೇಲೇ ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ಬಿಚ್ಚುವುದು ಎಂದು ಮಾತಾಗಿದೆ.